ಸಿಂಹಳದ ಕೆರೆ, ಶಿಡ್ಲಘಟ್ಟದ ಕೆರೆ

ಪ್ರತಿ ವರ್ಷ ಜೂನ್ 5ನೆಯ ತಾರೀಖು ಬಂತೆಂದರೆ ನಮ್ಮ ಸರ್ಕಾರಿ ಕಚೇರಿಗಳ ಆವರಣಗಳಲ್ಲಿ ಗುಂಡಿ ತೋಡಿ ಸಸಿ ನೆಡುವ ಸಮಾರಂಭ ಜರುಗುತ್ತದೆ. ಹೋದ ವರ್ಷ ತೋಡಿದ ಗುಂಡಿಯೇ ಈ ವರ್ಷವೂ ಉಪಯೋಗಕ್ಕೆ ಬರುವುದುಂಟು. ಹಾರ, ಭಾಷಣ, ಭಾವಚಿತ್ರ ಎಲ್ಲವೂ ಮುಗಿದ ಮೇಲೆ ಸಸಿಗೆ ನೀರೆರೆಯುವವರು ಯಾರೆಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಇದಕ್ಕೆ ಪ್ರಕೃತಿ ಸಂರಕ್ಷಣೆ ಎಂದು ಹೆಸರು. ಆದರೆ ಶಿಡ್ಲಘಟ್ಟ ತಾಲ್ಲೂಕಿನ ಸಾಮಾನ್ಯ ರೈತನಿಗಾಗಲಿ, ಬಿಸಿನೀರಿನಲ್ಲಿ ಬೆರಳಿಟ್ಟು ಗೂಡಿನ ಎಳೆ ತೆಗೆಯುವ ಕೂಲಿ ಹೆಂಗಸಿಗಾಗಲಿ ಪ್ರಕೃತಿ ಎಂದರೆ ಈ ಸಸಿಯಲ್ಲ. ಅವರ ಪಾಲಿಗೆ ಪ್ರಕೃತಿ ಎಂದರೆ ಕೆರೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಈ ಸೀಮೆಯಲ್ಲಿ ಮನುಷ್ಯ, ದನಕರು, ಹಕ್ಕಿಪಕ್ಷಿ, ಮರಗಿಡ ಎಲ್ಲವೂ ಬದುಕಿ ಬಂದದ್ದು ಹಿರಿಯರು ಕಟ್ಟಿದ ಏರಿಗಳ ಆಶ್ರಯದಲ್ಲಿ. ಆದ್ದರಿಂದ ಕೆರೆಯ ಮಾತನ್ನು ಬಿಟ್ಟು ಪ್ರಕೃತಿಯ ಮಾತಾಡುವ ಯಾವ ಸರ್ಕಾರವನ್ನೂ, ಅದು ಯಾವ ಪಕ್ಷದ್ದೇ ಆಗಿರಲಿ, ನಾವು ನಂಬಲಾರೆವು.

ನಂದಿಯ ಬೆಟ್ಟಸಾಲು ನದಿಗಳ ತವರೆಂದು ಶಾಲೆಯ ಪುಸ್ತಕಗಳಲ್ಲಿ ಓದಿದ್ದೇವೆ. ಅರ್ಕಾವತಿ, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ಹುಟ್ಟುವುದು ಈ ಸಾಲಿನಲ್ಲೇ. ಹುಟ್ಟಿದ ಮನೆಗೆ ಇವು ಕೊಟ್ಟು ಹೋಗುವುದು ಮಳೆಗಾಲದ ನಾಲ್ಕು ದಿನದ ನೀರು ಮಾತ್ರ. ಆ ನಾಲ್ಕು ದಿನದ ನೀರನ್ನು ಹನ್ನೆರಡು ತಿಂಗಳಿಗೆ ಉಳಿಸಿಕೊಳ್ಳುವ ವಿದ್ಯೆಯೇ ಕೆರೆಗಳ ಸರಣಿ. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಅವಿಭಜಿತ ಕೋಲಾರ ಜಿಲ್ಲೆಯಲ್ಲಿ ಇಂಥ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದವು. ನಮ್ಮ ಜಿಲ್ಲೆ ಅದರಿಂದ ಬೇರೆಯಾದದ್ದು 2007ರಲ್ಲಿ. ಜಿಲ್ಲೆ ಎರಡಾಯಿತು, ಕಚೇರಿಗಳು ಎರಡಾದವು; ಕೆರೆಗಳ ಗತಿ ಮಾತ್ರ ಎರಡೂ ಕಡೆ ಒಂದೇ ಆಯಿತು.

ಆ ಗತಿಗೆ ಕಾರಣ ಮಳೆಯಲ್ಲ. 2021ರ ನವೆಂಬರಿನಲ್ಲಿ ಮಳೆ ಹೇಗೆ ಸುರಿಯಿತೆಂಬುದನ್ನು ವಾಚಕರು ಮರೆತಿರಲಾರರು. ಅನೇಕ ವರ್ಷ ಬಾಯಾರಿದ್ದ ಕೆರೆಗಳು ಕೋಡಿ ಬಿದ್ದವು. ಅದೇ ನೀರು ರಸ್ತೆಗಳನ್ನು ಕೊಚ್ಚಿತು, ತಗ್ಗಿನ ಬೀದಿಗಳ ಬಡವರ ಮನೆಗಳಿಗೆ ನುಗ್ಗಿತು. ನೀರು ತನ್ನ ಹಳೆಯ ದಾರಿಯನ್ನು ಹುಡುಕಿಕೊಂಡು ಬಂದಿತ್ತು. ಆ ದಾರಿಯಲ್ಲಿ ನಾವು ಬಡಾವಣೆ ಕಟ್ಟಿದ್ದೆವು, ಕಲ್ಲು ಕ್ವಾರಿಯ ಧೂಳು ಸುರಿದಿದ್ದೆವು, ರಾಜಕಾಲುವೆಯನ್ನು ಉತ್ತು ಹೊಲಕ್ಕೆ ಸೇರಿಸಿಕೊಂಡಿದ್ದೆವು. ಹಾಗೆ ಸೇರಿಸಿಕೊಂಡವರ ಪಟ್ಟಿಯಲ್ಲಿ ಎರಡು ಎಕರೆಯ ಬಡ ರೈತನ ಹೆಸರು ಬರಬಹುದು. ಆದರೆ ಪಟ್ಟಿಯ ಮೇಲ್ಭಾಗದಲ್ಲಿ ಯಾರಿರುತ್ತಾರೆಂಬುದನ್ನು ನಾವು ಹೇಳಬೇಕಾದ ಅಗತ್ಯವಿಲ್ಲ.

ನೀಲಗಿರಿಯ ವಿಚಾರವೂ ಇಂಥದೇ. ಈ ಮರ ಭಾರತದಲ್ಲಿ ಮೊದಲು ಬೇರೂರಿದ್ದು ನಮ್ಮ ನಂದಿ ಬೆಟ್ಟದ ತೋಟದಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ, ಸುಮಾರು 1790ರಲ್ಲಿ ಎಂದು ಹೇಳುತ್ತಾರೆ. ತೋಟದಲ್ಲಿ ಇದ್ದಷ್ಟು ಕಾಲ ಅದರಿಂದ ಯಾರಿಗೂ ಕೇಡಾಗಲಿಲ್ಲ. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ‘ಸಾಮಾಜಿಕ ಅರಣ್ಯ’ ಬಂದಾಗ ಅದು ರಾಗಿಯ ಹೊಲಕ್ಕೆ ಇಳಿಯಿತು. ಸಮಾಜದ ಹೆಸರಿನಲ್ಲಿ ಬಂದ ಮರ ಸಮಾಜವನ್ನೇ ಹೊಲದಿಂದ ಆಚೆಗೆ ಹಾಕಿತು. ರಾಗಿಯ ಹೊಲಕ್ಕೆ ಉಳುವವನು ಬೇಕು, ಕಳೆ ಕೀಳುವವಳು ಬೇಕು, ಕೊಯ್ಯುವವರು, ಕಣ ಮಾಡುವವರು ಬೇಕು; ಹುಲ್ಲು ದನಕ್ಕೆ ಸಿಗುತ್ತದೆ. ನೀಲಗಿರಿಗೆ ನೆಡುವ ದಿನ ಮತ್ತು ಕಡಿಯುವ ದಿನ ಬಿಟ್ಟರೆ ಯಾರೂ ಬೇಡ. ಪಟ್ಟಣದಲ್ಲಿ ಕುಳಿತ ಜಮೀನುದಾರನಿಗೆ ಇದಕ್ಕಿಂತ ಅನುಕೂಲವಾದ ಬೆಳೆ ಯಾವುದು? ಕಾಗದದ ಗಿರಣಿಗೂ ರೇಯಾನ್ ಗಿರಣಿಗೂ ಮರ ಹೋಯಿತು, ಕೂಲಿಕಾರನ ಕೂಲಿ ಹೋಯಿತು, ನೆಲದ ತೇವ ಹೋಯಿತು. 1983ರಲ್ಲಿ ಪಕ್ಕದ ತುಮಕೂರು ಜಿಲ್ಲೆಯಲ್ಲಿ ರೈತ ಸಂಘದವರು ಸರ್ಕಾರಿ ಸಸಿಮಡಿಗಳಿಗೆ ನುಗ್ಗಿ ನೀಲಗಿರಿ ಸಸಿಗಳನ್ನು ಕಿತ್ತು ಹುಣಿಸೆ, ಮಾವು ನೆಡಲು ಹೊರಟಾಗ ಅವರನ್ನು ಪ್ರಗತಿವಿರೋಧಿಗಳೆಂದು ಕರೆದರು. ಅವರು ಹೇಳಿದ್ದನ್ನೇ ಸರ್ಕಾರ ಹೇಳಲು ಮೂವತ್ತನಾಲ್ಕು ವರ್ಷ ಬೇಕಾಯಿತು: 2017ರ ಫೆಬ್ರವರಿಯಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದಕ್ಕೆ ನಿಷೇಧ ಬಂತು. ಕಡಿದ ಬುಡದಿಂದ ತಾನಾಗಿ ಚಿಗುರುವ ಮರಕ್ಕೆ ಹೊಸದಾಗಿ ನೆಡುವ ಅಗತ್ಯವೇ ಇಲ್ಲವೆಂಬುದು ಆಜ್ಞೆ ಬರೆದವರಿಗೆ ತಿಳಿಯದೆ ಇದ್ದೀತೆ?

ಕೆರೆ ಬತ್ತಿದ ಮೇಲೆ ಬಂದದ್ದು ಕೊಳವೆಬಾವಿ. ಮೊದಲು ಇನ್ನೂರು ಅಡಿ, ಆಮೇಲೆ ಐನೂರು, ಈಗ ಸಾವಿರದ ಇನ್ನೂರು, ಸಾವಿರದ ಐನೂರು ಅಡಿ. 1882ರ ಬ್ರಿಟಿಷರ ಕಾಲದ ಅನುಭೋಗದ ಹಕ್ಕಿನ ಕಾನೂನು ನೆಲದ ಒಡೆಯನಿಗೆ ನೆಲದಡಿಯ ನೀರಿನ ಮೇಲೆ ಸ್ವಾಮ್ಯ ಕೊಟ್ಟಿತು. ಆ ಕಾಲದಲ್ಲಿ ಕಪಿಲೆ ಕಟ್ಟಿ ಎಷ್ಟು ನೀರೆತ್ತಿಯಾನು? ವಿದ್ಯುತ್ ಪಂಪು ಬಂದ ಮೇಲೆ ಅದೇ ಹಕ್ಕು ನೆರೆಯವನ ಬಾವಿಯನ್ನು ಬತ್ತಿಸುವ ಹಕ್ಕಾಯಿತು. ಒಂದು ಕೊರೆತಕ್ಕೆ ಲಕ್ಷಗಟ್ಟಲೆ ಸುರಿಯಬಲ್ಲವನು ನೀರು ಕುಡಿಯುತ್ತಾನೆ. ಸಾಲ ಮಾಡಿ ಕೊರೆಸಿದವನು ಒಣ ಕೊಳವೆಯನ್ನೂ ಬಡ್ಡಿಯನ್ನೂ ಹೊತ್ತು ನಿಲ್ಲುತ್ತಾನೆ. ಆಳ ಹೋದಂತೆ ಬರುವ ನೀರಿನಲ್ಲಿ ಫ್ಲೋರೈಡು. ಲೀಟರಿಗೆ ಒಂದೂವರೆ ಮಿಲಿಗ್ರಾಮ್ ಮೀರಿದರೆ ಮಕ್ಕಳ ಹಲ್ಲಿಗೂ ದೊಡ್ಡವರ ಮೂಳೆಗೂ ಕೇಡು. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಕಲೆಗಟ್ಟಿದ ಹಲ್ಲಿನ ಮಕ್ಕಳನ್ನು ನೋಡದವರು ಯಾರೂ ಇರಲಾರರು. ಕೆರೆ ಎಲ್ಲರದಾಗಿತ್ತು, ಕೊಳವೆಬಾವಿ ಒಬ್ಬನದು. ನಮ್ಮ ಸೀಮೆಯ ನೀರಿನ ಪ್ರಶ್ನೆಯೆಲ್ಲ ಈ ಒಂದು ಬದಲಾವಣೆಯಲ್ಲಿ ಅಡಗಿದೆ ಎಂದು ನಮ್ಮ ಅಭಿಪ್ರಾಯ.

ನಮ್ಮಂತೆಯೇ ಕೆರೆಗಳನ್ನು ನಂಬಿ ಬಾಳಿದ ಇನ್ನೊಂದು ನಾಡನ್ನು ಇಲ್ಲಿ ನೋಡುವುದು ಉಪಯುಕ್ತ. ಸಿಂಹಳ, ಎಂದರೆ ಈಗಿನ ಶ್ರೀಲಂಕಾ, ಸುತ್ತ ಸಮುದ್ರವಿರುವ ಹಸಿರು ದ್ವೀಪವೆಂದು ಪ್ರವಾಸಿಗಳು ತಿಳಿದಿದ್ದಾರೆ. ಆದರೆ ಅನುರಾಧಪುರದ ಸುತ್ತಿನ ಉತ್ತರ ಭಾಗ ಅವರ ಬಯಲುಸೀಮೆ. ಅಲ್ಲಿ ನಮಗಿಂತ ಹೆಚ್ಚು ಮಳೆ ಬೀಳುತ್ತದಾದರೂ ಅದು ಕೆಲವೇ ತಿಂಗಳಲ್ಲಿ ಬಿದ್ದು ಮುಗಿಯುತ್ತದೆ. ಆದ್ದರಿಂದ ಅಲ್ಲಿಯೂ ಕಣಿವೆ ಕಣಿವೆಯಲ್ಲಿ ಒಂದರ ಕೆಳಗೊಂದು ಕೆರೆ. ಅವರು ಅದನ್ನು ‘ವೆವ’ ಎನ್ನುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಈ ಸರಣಿ ಕೆರೆಗಳ ಗ್ರಾಮವ್ಯವಸ್ಥೆಯನ್ನು ಜಗತ್ತಿನ ಮುಖ್ಯ ಕೃಷಿ ಪರಂಪರೆಗಳಲ್ಲಿ ಒಂದೆಂದು ಮಾನ್ಯ ಮಾಡಿತು.

ಮಾನ್ಯತೆಯ ಕಾಗದ ನಮಗೆ ಮುಖ್ಯವಲ್ಲ. ಆ ಕೆರೆಯ ರಚನೆ ಮುಖ್ಯ. ಅಲ್ಲಿ ಕೆರೆ ಎಂದರೆ ನೀರು ನಿಂತ ಜಾಗವಷ್ಟೇ ಅಲ್ಲ. ನೀರು ಬರುವ ಮೇಲ್ಭಾಗದಲ್ಲಿ ‘ಗಸ್‌ಗೊಮ್ಮನ’ ಎಂಬ ಮರಗಳ ಪಟ್ಟಿ, ಗಾಳಿ ತಡೆದು ನೀರು ಆರದಂತೆ ನೋಡಿಕೊಳ್ಳುವುದಕ್ಕೆ. ಅದರ ಅಡಿಯಲ್ಲಿ ಹುಲ್ಲಿನ ಸೋಸುಪಟ್ಟಿ. ಕೆರೆ ಸೇರುವ ಮೊದಲೇ ಹೂಳು ಇಳಿಯಲು ಸಣ್ಣ ಗುಂಡಿಗಳು, ನಮ್ಮ ಕುಂಟೆಗಳಂತೆ. ಕಾಡುಪ್ರಾಣಿಗಳು ನೀರು ಕುಡಿಯುವುದೂ ಅಲ್ಲೇ. ಏರಿಯ ಕೆಳಗೆ, ಗದ್ದೆಗೆ ಮೊದಲು, ‘ಕಟ್ಟಕಡುವ’ ಎಂಬ ಇನ್ನೊಂದು ಮರಗಿಡಗಳ ಪಟ್ಟಿ. ಏರಿಯಿಂದ ಜಿನುಗುವ ನೀರಿನ ಉಪ್ಪನ್ನು ಅದು ಹೀರಿಕೊಳ್ಳುತ್ತದೆ. ನಮ್ಮಲ್ಲಿಯೂ ಗುಂಡುತೋಪು, ಗೋಮಾಳ, ಕುಂಟೆಗಳು ಇದೇ ಕೆಲಸಕ್ಕಾಗಿ ಇದ್ದವು. ಅವನ್ನು ಬಂಜರು, ಖರಾಬು ಎಂದು ಕಡತದಲ್ಲಿ ಬರೆದದ್ದೇ ಕಬಳಿಸುವವರಿಗೆ ರಹದಾರಿಯಾಯಿತು.

ಅದಕ್ಕಿಂತ ನಮ್ಮ ಗಮನ ಸೆಳೆದದ್ದು ಅಲ್ಲಿಯ ‘ಬೆತ್ಮ’ ಎಂಬ ಕಟ್ಟಳೆ. ಮಳೆ ಕೈಕೊಟ್ಟು ಕೆರೆ ಅರ್ಧ ಮಾತ್ರ ತುಂಬಿದ ವರ್ಷ ಅಚ್ಚುಕಟ್ಟನ್ನೆಲ್ಲ ಬಿತ್ತುವುದಿಲ್ಲ. ಕೆರೆಗೆ ಹತ್ತಿರದ ಒಂದು ಭಾಗವನ್ನು ಮಾತ್ರ ಆರಿಸಿ, ಅಚ್ಚುಕಟ್ಟಿನಲ್ಲಿ ಜಮೀನಿರುವ ಎಲ್ಲರಿಗೂ ಅದನ್ನು ಆ ಒಂದು ಬೆಳೆಯ ಮಟ್ಟಿಗೆ ಹಂಚುತ್ತಾರೆ. ಆ ಹೊಲ ಖಾತೆಯಲ್ಲಿ ಯಾರ ಹೆಸರಿನಲ್ಲಿದೆ ಎಂಬುದು ಆ ಬೆಳೆ ಕೊಯ್ಲಾಗುವವರೆಗೆ ನಡೆಯುವುದಿಲ್ಲ. ತೂಬಿನ ಬಾಯಲ್ಲಿ ಜಮೀನಿರುವವನು ಪೂರ್ತಿ ಬೆಳೆದು ಕಡೆಯ ಗದ್ದೆಯವನು ಉಪವಾಸ ಬೀಳುವ ಮಾತಿಲ್ಲ. ಇದು ಸಮಾಜವಾದವಲ್ಲ, ಹಂಚಿಕೆ ಹಿಡುವಳಿಯ ಪ್ರಮಾಣಕ್ಕೆ ತಕ್ಕಂತೆ ಆಗುತ್ತದೆ, ಭೂಮಿಯೇ ಇಲ್ಲದವನಿಗೆ ಪಾಲಿಲ್ಲ. ಆದರೂ ಬರಗಾಲದಲ್ಲಿ ಒಡೆತನಕ್ಕಿಂತ ಹಸಿವು ದೊಡ್ಡದೆಂದು ಒಪ್ಪಿದ ಹಳ್ಳಿಗಳು ಅವು. ನಮ್ಮ ಹಳ್ಳಿಗಳಲ್ಲಿ ಬರ ಬಂದ ವರ್ಷ ಬರುವುದು ಬೆತ್ಮವಲ್ಲ, ಬೋರ್‌ವೆಲ್ ಲಾರಿ.

ಹಳೆಯದನ್ನು ಹೊಗಳುವವರೊಡನೆ ನಾವು ಇಷ್ಟು ದೂರ ಮಾತ್ರ ಬರಬಲ್ಲೆವು. ‘ಹಿಂದೆ ಊರವರೇ ಹೂಳೆತ್ತುತ್ತಿದ್ದರು, ಈಗಿನವರಿಗೆ ಶ್ರದ್ಧೆಯಿಲ್ಲ’ ಎಂದು ಕಟ್ಟೆಯ ಮೇಲೆ ಕುಳಿತು ಹೇಳುವವರನ್ನು ಒಂದು ಮಾತು ಕೇಳಬೇಕು: ಎತ್ತುತ್ತಿದ್ದವರು ಯಾರು? ಸಿಂಹಳದಲ್ಲಿ ಕೆರೆಗಳನ್ನು ದುರಸ್ತಿಯಲ್ಲಿ ಇಟ್ಟದ್ದು ‘ರಾಜಕಾರಿಯ’ ಎಂಬ ಕಡ್ಡಾಯ ದುಡಿಮೆ. 1832ರಲ್ಲಿ ಬ್ರಿಟಿಷರು ಅದನ್ನು ರದ್ದುಮಾಡಿದರು. ಆದದ್ದು ಸರಿಯೇ. ಆದರೆ ಕೂಲಿ ಕೊಟ್ಟು ಆ ಕೆಲಸ ಮಾಡಿಸುವ ಏರ್ಪಾಟನ್ನು ಅವರು ಮಾಡಲಿಲ್ಲ, ಕೆರೆಗಳು ಪಾಳುಬಿದ್ದವು. ನಮ್ಮಲ್ಲಿ ನೀರುಗಂಟಿ ಇದ್ದ. ತೂಬು ತೆರೆದು ಮುಚ್ಚುವವನು, ಏರಿ ಕಾಯುವವನು, ಸರದಿಯ ಪ್ರಕಾರ ಗದ್ದೆಗದ್ದೆಗೆ ನೀರು ಹಾಯಿಸುವವನು ಅವನೇ. ಕಣದಲ್ಲಿ ಅವನಿಗೊಂದಿಷ್ಟು ಆಯ, ಜೊತೆಗೆ ತುಂಡು ಇನಾಮು. ಬಹುಪಾಲು ಊರುಗಳಲ್ಲಿ ಅವನು ದಲಿತ. ಊರ ಗದ್ದೆಗಳಿಗೆಲ್ಲ ನೀರು ಹಂಚಿದ ಕೈಗೆ ಊರ ಬಾವಿಯಲ್ಲಿ ಒಂದು ಕೊಡ ಸೇದುವ ಹಕ್ಕಿರಲಿಲ್ಲ. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾನೂನು ವಂಶಪಾರಂಪರ್ಯದ ಇಂಥ ಚಾಕರಿಯನ್ನು ತೊಡೆದುಹಾಕಿದ್ದನ್ನು ನಾವು ಸ್ವಾಗತಿಸುತ್ತೇವೆ. ಆ ಚಾಕರಿಯ ಜಾಗದಲ್ಲಿ ಸಂಬಳದ ನೌಕರನನ್ನು ಇಡದೆ ತೂಬನ್ನು ಅನಾಥ ಮಾಡಿದ್ದನ್ನು ಖಂಡಿಸುತ್ತೇವೆ. ಪಟೇಲ, ಶಾನುಭೋಗರ ಕೆಲಸಕ್ಕೆ ಸರ್ಕಾರ ಗ್ರಾಮಲೆಕ್ಕಿಗನನ್ನು ತಂದಿತು, ಕಂದಾಯ ವಸೂಲಾಗಬೇಕಿತ್ತಲ್ಲ! ನೀರುಗಂಟಿಯ ಕೆಲಸಕ್ಕೆ ಯಾರನ್ನೂ ತರಲಿಲ್ಲ.

ಬೇರೆ ದಾರಿ ಇರಲಿಲ್ಲವೆ? ಅದೇ ಸಿಂಹಳದಲ್ಲಿ ಒಬ್ಬ ಸಮಾಜವಾದಿ ಮಂತ್ರಿ ಅದನ್ನು ಪ್ರಯತ್ನಿಸಿ ನೋಡಿದರು. ಬಂಡಾರನಾಯಕರ ಸಂಪುಟದಲ್ಲಿ ಕೃಷಿ ಮಂತ್ರಿಯಾಗಿದ್ದ ಫಿಲಿಪ್ ಗುಣವರ್ಧನೆಯವರು 1958ರಲ್ಲಿ ಭತ್ತದ ಭೂಮಿಗಳ ಕಾನೂನನ್ನು ತಂದರು. ಗೇಣಿಗೆ ಮಿತಿ ಬಂತು, ಗೇಣಿದಾರನಿಗೆ ರಕ್ಷಣೆ ಬಂತು. ಅದಕ್ಕಿಂತ ದೊಡ್ಡ ಮಾತೆಂದರೆ, ನೀರು ಹಂಚುವ ಅಧಿಕಾರ ‘ವೆಲ್ ವಿದಾನೆ’ ಎಂಬ ಊರ ಮುಖಂಡನ ಕೈಯಿಂದ ಉಳುವವರೇ ಆರಿಸಿದ ಕೃಷಿ ಸಮಿತಿಗಳ ಕೈಗೆ ಹೋಯಿತು. ಆ ಸಮಿತಿಗಳು ಗೆದ್ದವೆಂದು ನಾವು ಸುಳ್ಳು ಹೇಳುವುದಿಲ್ಲ. ಭೂಮಾಲಿಕರು ಗೇಣಿದಾರರನ್ನು ಒಕ್ಕಲೆಬ್ಬಿಸಿದರು, ಸಮಿತಿಗಳಿಗೆ ಹಣ ಸಾಲಲಿಲ್ಲ, ಮರುವರ್ಷವೇ ಗುಣವರ್ಧನೆಯವರು ಸಂಪುಟದಿಂದ ಹೊರಬಂದರು. ಆದರೆ ಕೆರೆಯ ಯಜಮಾನಿಕೆ ಉಳುವವನಿಗೆ ಸೇರಬೇಕೆಂದು ಒಂದು ಸರ್ಕಾರ ಕಾನೂನಿನಲ್ಲಿ ಬರೆದದ್ದು ಸಣ್ಣ ಸಂಗತಿಯಲ್ಲ. ಅದಕ್ಕೆ ಏಳು ವರ್ಷ ಮೊದಲು, 1951ರಲ್ಲಿ, ನಮ್ಮ ಸಾಗರ ಸೀಮೆಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು, ಲೋಹಿಯಾರವರು ಬಂದು ಬಂಧನಕ್ಕೊಳಗಾಗಿದ್ದರು. ಆ ಹೋರಾಟದ ಫಲವಾಗಿ ನೆಲದ ಪ್ರಶ್ನೆ 1974ರ ಕಾನೂನಿನವರೆಗೆ ಬಂತು. ನೀರಿನ ಪ್ರಶ್ನೆಯನ್ನು ನಮ್ಮ ಚಳವಳಿಯೂ ಅಷ್ಟೇ ಗಟ್ಟಿಯಾಗಿ ಕೇಳಬೇಕಾಗಿತ್ತು. 2020ರ ತಿದ್ದುಪಡಿಯಿಂದ ಬೇಸಾಯಗಾರನಲ್ಲದವನೂ ಕೃಷಿ ಜಮೀನು ಕೊಳ್ಳಬಹುದಾದ ಮೇಲೆ ನೆಲದ ಪ್ರಶ್ನೆಯೇ ಮತ್ತೆ ಹಿಂದಕ್ಕೆ ಹೋಯಿತು.

ಮೇಲಿನಿಂದ ಇಳಿಯುವ ಆಜ್ಞೆಗೆ ಏನಾಗುತ್ತದೆಂಬುದಕ್ಕೂ ಆ ದ್ವೀಪವೇ ಸಾಕ್ಷಿ. 2021ರಲ್ಲಿ ಅಲ್ಲಿಯ ಅಧ್ಯಕ್ಷರು ದೇಶವನ್ನೆಲ್ಲ ಒಮ್ಮೆಲೇ ಸಾವಯವ ಮಾಡುವುದಾಗಿ ರಾಸಾಯನಿಕ ಗೊಬ್ಬರದ ಆಮದನ್ನು ನಿಲ್ಲಿಸಿದರು. ರೈತನನ್ನು ಕೇಳಿದವರಿಲ್ಲ, ಬದಲಿ ಗೊಬ್ಬರ ಸಿದ್ಧವಿರಲಿಲ್ಲ. ಬೆಳೆ ಕುಸಿಯಿತು, ರೈತರು ಬೀದಿಗಿಳಿದರು, ಅದೇ ನವೆಂಬರಿನಲ್ಲಿ ಆಜ್ಞೆ ವಾಪಸಾಯಿತು. ಉದ್ದೇಶ ಒಳ್ಳೆಯದೆಂದ ಮಾತ್ರಕ್ಕೆ ದುಡಿಯುವವನ ತಲೆಯ ಮೇಲೆ ಹೇರಬಹುದೆಂದು ತಿಳಿಯುವ ಪ್ರಕೃತಿ ಪ್ರೇಮಿಗಳು ಬೆಂಗಳೂರಿನಲ್ಲೂ ಕಡಿಮೆಯಿಲ್ಲ.

ಈಗ ನಮ್ಮ ಸರ್ಕಾರದವರ ಯೋಜನೆಗಳಿಗೆ ಬರೋಣ. ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ವರ್ಷಗಟ್ಟಲೆ ಕೂಗಿದರು. 2016ರ ಮಾರ್ಚ್‌ನಲ್ಲಿ ನಮ್ಮ ರೈತರು ಚಿಕ್ಕಬಳ್ಳಾಪುರದಿಂದ ಟ್ರ್ಯಾಕ್ಟರ್ ಏರಿ ರಾಜಧಾನಿಗೆ ಹೊರಟಾಗ ಸಿಕ್ಕಿದ್ದು ಲಾಠಿ. ಆಮೇಲೆ ಎರಡು ನೀರು ತೋರಿಸಿದರು. ಒಂದು ಎತ್ತಿನಹೊಳೆಯದು. 2014ರಲ್ಲಿ ಹದಿಮೂರು ಸಾವಿರ ಕೋಟಿ ರೂಪಾಯಿಗೆ ಸ್ವಲ್ಪ ಕಡಿಮೆ ಎಂದ ಲೆಕ್ಕ ಇಪ್ಪತ್ತಮೂರು ಸಾವಿರ ಕೋಟಿ ದಾಟಿತು. ಮೊದಲ ಹಂತ ಸಕಲೇಶಪುರದ ಬಳಿ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರ್ 6ರಂದು. ಘಟ್ಟದ ಕಾಡನ್ನು ಸೀಳಿ ಬರುವ ಈ ನೀರನ್ನು ವಿರೋಧಿಸಿದ ಕರಾವಳಿಯವರನ್ನೂ ಮಲೆನಾಡಿನವರನ್ನೂ ನಮ್ಮ ಕೆಲವು ಪುಢಾರಿಗಳು ಶತ್ರುಗಳಂತೆ ಚಿತ್ರಿಸಿದರು. ಅವರು ನಮ್ಮ ಶತ್ರುಗಳಲ್ಲ. ಅವರು ಉಳಿಸಿಕೊಳ್ಳಲು ಹೊರಟದ್ದು ಅವರ ಕೆರೆಯನ್ನು ಎಂದು ತಿಳಿದರೆ ಸಾಕು.

ಇನ್ನೊಂದು, ಬೆಂಗಳೂರಿನ ಕೊಳಚೆ ನೀರು. ಹೆಬ್ಬಾಳ–ನಾಗವಾರ ಕಣಿವೆಯಿಂದ ದಿನಕ್ಕೆ 21 ಕೋಟಿ ಲೀಟರ್ ನೀರನ್ನು ಶುದ್ಧಿಮಾಡಿ 65 ಕೆರೆಗಳಿಗೆ, ಬಹುಪಾಲು ನಮ್ಮ ಜಿಲ್ಲೆಯವಕ್ಕೆ, ತುಂಬಿಸುವ ಯೋಜನೆ ಅದು. ಅದರ ಹಿರಿಯಣ್ಣನಾದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು ಒಂದೆರಡು ತಿಂಗಳೊಳಗೆ ನೊರೆ ಎದ್ದದ್ದನ್ನೂ, ಹೈಕೋರ್ಟು ತಡೆಯಾಜ್ಞೆ ಕೊಟ್ಟದ್ದನ್ನೂ ಜನ ಮರೆತಿಲ್ಲ. ನೀರು ಬಂದ ಕಡೆ ಅಂತರ್ಜಲ ಏರಿದೆಯೆಂದು ರೈತರೇ ಹೇಳುತ್ತಾರೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಬಾಯಾರಿದವನು ನೀರನ್ನು ಬೇಡವೆನ್ನಲಾರ, ಅದನ್ನೇ ಬಳಸಿಕೊಂಡು ಎರಡೇ ಹಂತದ ಶುದ್ಧೀಕರಣಕ್ಕೆ ನಿಲ್ಲಿಸಿದ್ದು ತಪ್ಪು. ಮೂರನೆಯ ಹಂತಕ್ಕೆ ಹಣವಿಲ್ಲವೆಂಬ ವಾದವನ್ನು ರಾಜಧಾನಿಯ ಮೇಲ್ಸೇತುವೆಗಳನ್ನು ನೋಡಿದ ಯಾರೂ ಒಪ್ಪಲಾರರು. ನಾವು ಕೊಡುವ ಸೊಪ್ಪು, ತರಕಾರಿ, ಹಾಲು, ರೇಷ್ಮೆ ಮೊದಲನೆಯ ದರ್ಜೆಯದಾಗಿರಬೇಕು. ನಮಗೆ ಬರುವ ನೀರು ಮಾತ್ರ ಎರಡನೆಯ ಹಂತದ್ದು!

ಪಟ್ಟಣದ ನಮ್ಮ ಜನರಿಗೂ ಒಂದು ಮಾತು. ಶಿಡ್ಲಘಟ್ಟದ ಹೆಸರು ನಾಡಿನಾಚೆ ಹೋದದ್ದು ಗೂಡಿನ ಮಾರುಕಟ್ಟೆಯಿಂದ, ನೂಲು ಬಿಚ್ಚಾಣಿಕೆಯಿಂದ. ಗೂಡು ಬೇಯಿಸಿದ ನೀರು ಚರಂಡಿ ಸೇರುತ್ತದೆ, ಚರಂಡಿ ಇಳಿಜಾರು ಹಿಡಿದು ಕೆರೆಯನ್ನೇ ಸೇರುತ್ತದೆ. ಇದಕ್ಕೆ ಎರಡು ಒಲೆಯ ಬಡ ರೀಲರನ್ನು ದಂಡಿಸಹೊರಟರೆ ನಾವು ಅಡ್ಡ ನಿಲ್ಲುತ್ತೇವೆ. ರೇಷ್ಮೆಯಿಂದ ಶುಲ್ಕ ಎಣಿಸಿಕೊಂಡ ಸರ್ಕಾರವೇ ಆ ಬೀದಿಗಳಿಗೆ ಸಾಮೂಹಿಕ ಶುದ್ಧೀಕರಣ ಘಟಕ ಕಟ್ಟಿಕೊಡತಕ್ಕದ್ದು. ಜಂಗಮಕೋಟೆ ಹೋಬಳಿಯಲ್ಲಿ ಕೈಗಾರಿಕೆಗೆಂದು 2,800 ಎಕರೆಗೂ ಮೀರಿದ ಜಮೀನಿನ ಸ್ವಾಧೀನಕ್ಕೆ ಕೈಹಾಕಿದಾಗ ಆ ಹಳ್ಳಿಗಳ ಕಾಲುವೆ, ಕುಂಟೆಗಳ ಗತಿಯೇನೆಂಬ ಪ್ರಶ್ನೆಯೂ ಎದ್ದಿತು. ಅದನ್ನು ಬೇರೆ ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತೇವೆ.

ಇಷ್ಟೆಲ್ಲದರ ನಡುವೆ 2025ರ ಆಗಸ್ಟ್‌ನಲ್ಲಿ ನಮ್ಮ ಶಾಸನಸಭೆ ಕೆರೆ ಸಂರಕ್ಷಣಾ ಪ್ರಾಧಿಕಾರದ ಕಾನೂನಿಗೆ ಒಂದು ತಿದ್ದುಪಡಿ ಅಂಗೀಕರಿಸಿತು. ಎಲ್ಲ ಕೆರೆಗಳ ಸುತ್ತಲೂ ಸಮನಾಗಿದ್ದ 30 ಮೀಟರ್ ಮೀಸಲು ಪಟ್ಟಿಯನ್ನು ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಇಳಿಸುವುದು ಅದರ ಸಾರ. ದೊಡ್ಡ ಕೆರೆಗೆ ದೊಡ್ಡ ಪಟ್ಟಿ, ಸಣ್ಣದಕ್ಕೆ ಕೆಲವೇ ಮೀಟರು. ಸಂರಕ್ಷಣೆಯ ಹೆಸರಿನ ಕಾನೂನಿಗೇ ಈ ಕತ್ತರಿ! ಬೆಂಗಳೂರಿನ ನಿವೇಶನದ ವ್ಯಾಪಾರಿಗಳಿಗೆ ಇದರ ಬೆಲೆ ಗೊತ್ತು. ನಮ್ಮ ಸೀಮೆಗೆ ಇದರ ಅರ್ಥ ಬೇರೆ. ಸರಣಿಯಲ್ಲಿ ಹೂಳು ತಡೆಯುವುದು ಮೇಲಿನ ಸಣ್ಣ ಕೆರೆ, ಕುಂಟೆಗಳೇ. ಅವುಗಳ ಅಂಚು ಹೋದರೆ ಕೆಳಗಿನ ಅಮಾನಿಕೆರೆಗೆ ಮೂವತ್ತು ಮೀಟರಿನ ಪಟ್ಟಿ ಇಟ್ಟೂ ಪ್ರಯೋಜನವಿಲ್ಲ, ಅಲ್ಲಿಗೆ ಬರುವುದು ಮಣ್ಣು ಮಾತ್ರ. ಸಿಂಹಳದ ಹಳ್ಳಿಗನಿಗೆ ತಿಳಿದ ಈ ಸಂಗತಿ ವಿಧಾನಸೌಧಕ್ಕೆ ತಿಳಿಯಲಿಲ್ಲವೆಂದರೆ ನಂಬುವುದು ಕಷ್ಟ. ಈ ತಿದ್ದುಪಡಿಯನ್ನು ಪೂರ್ತಿಯಾಗಿ ಕೈಬಿಡಬೇಕೆಂದು ನಾವು ಒತ್ತಾಯಪಡಿಸುತ್ತೇವೆ.

ಹಾಗೆಯೇ ಪ್ರತಿ ಕೆರೆಗೂ ಪಂಚಾಯಿತಿಯ ಸಂಬಳದ ಮೇಲೆ ಒಬ್ಬ ನೀರುಗಂಟಿ ಬೇಕು. ಜಾತಿಯಿಂದ ಬಂದವನಲ್ಲ, ನೇಮಕದಿಂದ ಬಂದವನು ಅಥವಾ ಬಂದವಳು. ಕೆರೆಯ ಸಮಿತಿಯಲ್ಲಿ ಅಚ್ಚುಕಟ್ಟಿನ ಖಾತೆದಾರರಷ್ಟೇ ಭೂಮಿಯಿಲ್ಲದವರೂ, ದನ ಕಾಯುವವರೂ, ಮೀನು ಹಿಡಿಯುವವರೂ ಇರಬೇಕು. 2002ರಲ್ಲಿ ವಿಶ್ವಬ್ಯಾಂಕಿನ ಹಣದಿಂದ ಆರಂಭವಾದ ಕೆರೆ ಬಳಕೆದಾರರ ಸಂಘಗಳು ಹಣವಿದ್ದಷ್ಟು ದಿನ ಸಭೆ ಸೇರಿದವು. ಬೋರ್ಡುಗಳು ಇಂದಿಗೂ ಕೆಲವೆಡೆ ಕಾಣುತ್ತವೆ. ಹೂಳೆತ್ತುವ ಕೆಲಸ ಕೈದುಡಿಮೆಯಿಂದ, ಪೂರ್ತಿ ಕೂಲಿಯಿಂದ ಆಗಬೇಕು. 2005ರ ಉದ್ಯೋಗ ಖಾತರಿ ಕಾನೂನು ಗುತ್ತಿಗೆದಾರನಿಗೆ ಎಡೆಯಿಲ್ಲವೆಂದು ಸ್ಪಷ್ಟವಾಗಿ ಹೇಳಿದ್ದರೂ ಕೂಲಿಕಾರರ ಹೆಸರಿನ ಹಾಜರಿ ಪಟ್ಟಿಯಲ್ಲಿ ಜೆಸಿಬಿ ದುಡಿದ ದೂರುಗಳು ಎಲ್ಲ ಕಡೆಯಿಂದಲೂ ಬಂದವು.

ಇವೆಲ್ಲಕ್ಕೂ ಮೊದಲು ಕೆರೆಯ ಗಡಿ ತಿಳಿಯಬೇಕು. ಮುಂಗಾರಿಗೆ ಮುಂಚೆ ನಮ್ಮ ಕಾರ್ಯಕರ್ತರು ತಂತಮ್ಮ ಊರಿನ ಗ್ರಾಮನಕ್ಷೆಯ ನಕಲನ್ನು ಭೂಮಾಪನ ಇಲಾಖೆಯಿಂದ ತೆಗೆಸಿಕೊಳ್ಳತಕ್ಕದ್ದು. ಕೊಡದಿದ್ದರೆ 2005ರ ಮಾಹಿತಿ ಹಕ್ಕಿನ ಕಾನೂನಿನ ಪ್ರಕಾರ ಅರ್ಜಿ ಹಾಕತಕ್ಕದ್ದು. ಕೆರೆಯ ಸರ್ವೆ ನಂಬರು, ವಿಸ್ತೀರ್ಣ, ರಾಜಕಾಲುವೆಯ ಅಗಲ, ಗುಂಡುತೋಪು, ಬಿ ಖರಾಬಿನ ವಿವರವನ್ನು ಒಂದು ಹಾಳೆಯಲ್ಲಿ ಬರೆದು ಗ್ರಾಮಸಭೆಯಲ್ಲಿ ಎಲ್ಲರೆದುರು ಓದಬೇಕು, ಅಳತೆಗೆ ನಿರ್ಣಯ ಮಾಡಿಸಿ ತಹಸೀಲ್ದಾರರಿಗೆ ಕಳಿಸಬೇಕು. ನಕಲೊಂದನ್ನು ನಮ್ಮ ಕಚೇರಿಗೂ ಕಳಿಸಿದರೆ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ನಕ್ಷೆ ಕೊಡಲೊಪ್ಪದ ಊರುಗಳ ಹೆಸರನ್ನು ಮೊದಲು ಪ್ರಕಟಿಸುತ್ತೇವೆ.